ಬೆಣ್ಣೆತೊರಾ ಹಿನ್ನೀರಿನ ಕಂದು ಬಾತುಗಳು, ಜೋಳದ ಹೊಲದ ಗುಬ್ಬಿಗಳು: ಯಾವ್ಯಾವು ಅಂತ ಹೇಳ್ರಿ

ತೊಗರಿನಾಡು (ಕಲಬುರಗಿ), ಸೋಮವಾರ ರಾತ್ರಿ

ಎಲ್ಲರಿಗೂ ಶರಣು. ನಿನ್ನೆ ಐತವಾರ ಮುಂಜಾನಿ ಗೆಳೆಯರು ಕೂಡಿ ಹೆರೂರ ಕಡಿ ಬೆಣ್ಣೆತೊರಾ ಹಿನ್ನೀರಿಗೆ ಹೋಗಿದ್ವಿ. ಥಂಡಿ ಭಾಳ ಇತ್ತು, ನೀರಿನ ಮ್ಯಾಲ ಮಂಜು ಸರಿಯೋತನಕ ಏನೂ ಕಾಣ್ಲಿಲ್ಲ, ಆಮ್ಯಾಲ ನೋಡಿದ್ರ ಆಚಿ ದಂಡಿಗುಂಟ ಸಾಲಾಗಿ ಬಾತುಗಳು ಕುಂತಾವ. ಪಿನ್‌ಟೇಲ್ ಗಂಡು, ಶೊವೆಲರ್ ಗಂಡು ಗುರುತು ಸಿಕ್ಕವು, ಅದರಾಗ ತ್ರಾಸೇನಿಲ್ಲ. ಆದ್ರ ಗುಂಪಿನಾಗ ಹೆಚ್ಚಿನವು ಬರೀ ಕಂದು ಬಣ್ಣದವು, ಅವೇ ನನ್ನ ತಲಿ ತಿನ್ನಾಕತ್ಯಾವ.

ಐದು ಫೋಟೋ ಹಾಕೀನಿ. ಒಂದನೇದ್ರಾಗ ಸಣ್ಣ ಕಂದು ಬಾತುಗಳ ಸಾಲು, ಕೆಲವು ತಲಿ ಬೆನ್ನಾಗ ಹುದುಗಿಸಿ ಮಲಗ್ಯಾವ. ಎರಡನೇದ್ರಾಗ ಅದೇ ಗುಂಪಿನ ಒಂದು, ಕಣ್ಣಿನ ಮ್ಯಾಲ ತಿಳಿ ಗೆರಿ ಅದ. ಮೂರನೇದು ನಡು ನೀರಿನಾಗ ಮುಳುಗಿ ಏಳೋ ಗಾಢ ಕಂದು ಬಾತು, ಬಾಲದ ಕೆಳಗ ಬಿಳಿ ಕಾಣಸ್ತದ. ನಾಕನೇದು ದಾರಿಮ್ಯಾಲ ಜಾಲಿ ಗಿಡದಾಗ ಕುಂತ ಗುಬ್ಬಿಗಳು, ಊರಾಗಿನ ಗುಬ್ಬಿ ಅನಸವಲ್ದು. ಐದನೇದು ಜೋಳದ ತೆನಿ ಮ್ಯಾಲ ಕುಂತ ಹಳದಿ ಮಿಶ್ರಿತ ಕಂದು ಹಕ್ಕಿ, ಗುಂಪು ಭಾಳ ದೊಡ್ಡದಿತ್ತು, ಎದ್ದಾಗ ಹೊಲಾನೇ ಎದ್ದಂಗಾತು.

ತಿಳಿದವರು ಬರೀ ಹೆಸರು ಹೇಳಿ ಬಿಡಬ್ಯಾಡ್ರಿ, ಯಾವುದರ ಮ್ಯಾಲಿಂದ ಗುರ್ತು ಹಿಡೀಬೇಕು ಅಂತ ಬಿಡಿಸಿ ಹೇಳ್ರಿ. ಎಳ್ಳಮಾಸಿ ಆದ ಮ್ಯಾಲ ಬರೋ ಐತವಾರ ಮತ್ತ ಎಲ್ಯಾರ ಹೋಗೋ ವಿಚಾರ ಅದ, ಬರೋರು ಇಲ್ಲೇ ತಿಳಸ್ರಿ.

ಕಾರಂಜಾ ದಂಡಿ (ಬೀದರ್)

ತಮ್ಮಾ, ಚಲೋ ಕೆಲಸ ಮಾಡೀರಿ. ಬಾತುಗಳ ಫೋಟೋ ಅಂದ್ರ ಎಲ್ಲಾರೂ ಬಣ್ಣದ ಗಂಡು ಹಕ್ಕೀದೇ ಹಾಕ್ತಾರ, ಕಂದು ಹಕ್ಕಿ ಮುಂದಿಟ್ಟು ಇದು ಯಾವುದು ಅಂತ ಕೇಳೋರು ಕಡಿಮಿ. ಖರೆ ಹಕ್ಕಿ ಕಲಿಯೋದು ಇಲ್ಲಿಂದಾನೇ.

ಮೊದಲಿಗೆ ಒಂದು ಮಾತು. ಆ ಕಂದು ಹಕ್ಕಿಗಳೆಲ್ಲಾ ಹೆಣ್ಣೇ ಅಂತ ತಿಳೀಬ್ಯಾಡ್ರಿ. ಬಾತುಗಳು ಮರಿ ಮಾಡೋ ಕಾಲ ಮುಗಿದ ಮ್ಯಾಲ ರೆಕ್ಕಿಯ ಹಾರೋ ಗರಿ ಅಷ್ಟೂ ಒಮ್ಮೆಲೇ ಉದುರಸ್ತಾವ, ಮೂರು ನಾಕು ವಾರ ಹಾರಾಕೇ ಬರೂದಿಲ್ಲ. ಅಂಥ ಹೊತ್ತಿನಾಗ ಥಳಥಳಿಸೋ ಬಣ್ಣ ಇದ್ರ ಬ್ಯಾಟಿ ಪ್ರಾಣಿ ಕಣ್ಣಿಗೆ ಬೀಳತಾವ, ಅದಕ ಗಂಡು ಸೈತ ಹೆಣ್ಣಿನ ಕಂದು ವೇಷ ಹಾಕ್ತದ. ಇದಕ್ಕ ಎಕ್ಲಿಪ್ಸ್ ಅಂತಾರ. ಮುಂದ ಗರಿ ಬೆಳದು ಹಾರಿ ನಮ್ಮ ಕಡಿ ಬಂದ ಮ್ಯಾಲೂ ಕೆಲವು ಜಾತಿ ಗಂಡು ಆ ವೇಷ ಲಗೂ ಬಿಡೂದಿಲ್ಲ. ಅದರಾಗ ಗಾರ್ಗೇನಿ ಅನ್ನೋ ಸಣ್ಣ ಬಾತು ಎಲ್ಲಕ್ಕಿಂತ ನಿಧಾನ. ಪಿನ್‌ಟೇಲ್ ಗಂಡು ಡಿಸೆಂಬರಿಗೆ ತಯಾರಾಗಿ ಕುಂತಿರ್ತದ, ಗಾರ್ಗೇನಿ ಗಂಡಿನ ಆ ಅಗಲ ಬಿಳಿ ಹುಬ್ಬು ನೋಡಬೇಕಂದ್ರ ಜನವರಿ ಕಡೀಕ, ಫೆಬ್ರವರಿ ತನಕ ತಡೀಬೇಕು.

ನಿಮ್ಮ ಎರಡನೇ ಫೋಟೋ ಗಾರ್ಗೇನಿ ಅಂತ ನನ್ನ ಅಭಿಪ್ರಾಯ. ಮುಖ ನೋಡ್ರಿ, ಬರೀ ಒಂದು ಗೆರಿ ಅಲ್ಲ. ಕಣ್ಣಿನ ಮ್ಯಾಲ ತಿಳಿ ಹುಬ್ಬು, ಕಣ್ಣಿನ ಮೂಲಕ ಕಪ್ಪು ಗೆರಿ, ಅದರ ಕೆಳಗ ಮತ್ತೊಂದು ತಿಳಿ ಪಟ್ಟಿ, ಗಲ್ಲದ ಮ್ಯಾಲ ಇನ್ನೊಂದು ಕಪ್ಪು ಗೆರಿ. ಕೊಕ್ಕಿನ ಬುಡಕ್ಕ ಒಂದು ಬಿಳಿಚುಕ್ಕಿ, ಗಂಟಲು ಬೆಳ್ಳಗ. ಇದರ ಜೋಡಿ ಬೆರೆಯೋದು ಟೀಲ್ ಅನ್ನೋ ಇನ್ನೊಂದು ಸಣ್ಣ ಬಾತು. ಟೀಲ್ ಹೆಣ್ಣಿನ ಮುಖ ಸಾದಾ, ಕಣ್ಣಿನ ಗೆರಿ ಒಂದು ಇರ್ತದ, ಉಳಿದದ್ದೆಲ್ಲಾ ಮಸಕು. ಕೊಕ್ಕು ಸಣ್ಣದು, ಬುಡಕ್ಕ ಜರಾ ಹಳದಿ ಛಾಯಾ ಇರಬಹುದು. ಗಾರ್ಗೇನಿ ಕೊಕ್ಕು ಉದ್ದ, ಪೂರ್ತಿ ಬೂದು. ಟೀಲ್‌ನ ಬಾಲದ ಮಗ್ಗಲಿಗೆ ಒಂದು ತಿಳಿ ಗೆರಿ ಅಡ್ಡ ಇರ್ತದ, ತಲಿ ಹುದುಗಿಸಿ ಮಲಗಿದ್ರೂ ಅದು ಕಾಣತದ. ಒಂದನೇ ಫೋಟೋದಾಗ ಮಲಗಿದವುಗಳ ಬಾಲ ಜೂಮ್ ಮಾಡಿ ನೋಡ್ರಿ.

ಆಳಂದ ಹುಡುಗ

ಸರ್ ನಾನು ಎರಡನೇ ಫೋಟೋ ಹಕ್ಕಿ ಹೆಸರು ಹೇಳೋ ಆ್ಯಪ್‌ಗೆ ಹಾಕಿದೆ, ಅದು ಮೊದಲ ಗ್ಯಾಡ್ವಾಲ್ ಅಂತು, ಕ್ರಾಪ್ ಮಾಡಿ ಹಾಕಿದಾಗ ಗಾರ್ಗೇನಿ ಅಂತು. ಅಮರ್ಜಾ ಡ್ಯಾಂದಾಗ ನಮ್ಮ ಕಾಲೇಜ್ ಗ್ರೂಪ್ ಹೋದಾಗೂ ಹಿಂಗೇ, ಒಂದೇ ಹಕ್ಕಿಗೆ ಎರಡು ಹೆಸರು ಬರ್ತಾವ, ಯಾವುದು ನಂಬಬೇಕು.

ಕಾರಂಜಾ ದಂಡಿ (ಬೀದರ್)

ಆ್ಯಪ್ ಬ್ಯಾಡ ಅನ್ನೂದಿಲ್ಲ, ಅದು ಕೊಡೋ ಹೆಸರು ತಗೊಂಡು ಹಕ್ಕೀ ಮುಂದ ನಿಂತು ತಾಳೆ ನೋಡೋದು ನಮ್ಮ ಕೆಲಸ. ಗ್ಯಾಡ್ವಾಲ್ ಆದ್ರ ಮೊದಲ ಮಾತು ಗಾತ್ರ, ಅದು ಹೆಚ್ಚುಕಮ್ಮಿ ಪಿನ್‌ಟೇಲ್ ದಪ್ಪ ಇರ್ತದ. ಗಾರ್ಗೇನಿ, ಟೀಲ್ ಎರಡೂ ಸಣ್ಣ ಬಾತು. ಫೋಟೋದಾಗ ಮಗ್ಗಲಿಗೆ ಶೊವೆಲರ್ ಅದ, ಅದರ ಮುಂದ ಇದು ಎಷ್ಟು ಸಣ್ಣದದ ನೋಡು. ಮತ್ತ ಗ್ಯಾಡ್ವಾಲ್ ಹೆಣ್ಣಿನ ಕೊಕ್ಕಿನ ಎರಡೂ ಬದಿ ಕೇಸರಿ, ನಡು ಏಣು ಕಪ್ಪು, ಹಣಿ ನೆಟ್ಟಗ.

ಸಂಶಯ ಹರೀಬೇಕಂದ್ರ ರೆಕ್ಕಿ ನೋಡಬೇಕು. ಬಾತುಗಳ ರೆಕ್ಕಿ ಹಿಂದಿನ ಭಾಗದಾಗ ಒಂದು ಹೊಳಪಿನ ಪಟ್ಟಿ ಇರ್ತದ, ಗಂಡು ವೇಷ ಬದಲಿಸಿದ್ರೂ ಆ ಪಟ್ಟಿ ಬದಲಾಗೂದಿಲ್ಲ, ಅದಕ ಅದು ನಂಬಿಗಸ್ತ ಗುರುತು. ಗ್ಯಾಡ್ವಾಲ್‌ಗೆ ಚೌಕಾದ ಬಿಳಿ ಪಟ್ಟಿ, ಕುಂತಾಗೂ ಕೆಲವು ಸರ್ತಿ ಇಣುಕತದ. ಟೀಲ್‌ಗೆ ಹಸಿರು, ಅದರ ಮುಂದಿನ ಬಿಳಿ ಅಂಚು ಅಗಲ. ಗಾರ್ಗೇನಿಗೆ ಮಸಕು ಹಸಿರು, ಅಲ್ಲಿ ಹಿಂದಿನ ಬಿಳಿ ಅಂಚು ಎದ್ದು ಕಾಣತದ, ಗಂಡಾದ್ರ ರೆಕ್ಕಿಯ ಮುಂಭಾಗ ತಿಳಿ ನೀಲಿಬೂದು. ಶೊವೆಲರ್‌ಗೆ ಮುಂಭಾಗ ನೀಲಿ, ಆದ್ರ ಅದರ ಸವಟಿನಂಥ ಕೊಕ್ಕು ಕಂಡ ಮ್ಯಾಲ ರೆಕ್ಕಿ ನೋಡೋ ಜರೂರಿ ಇಲ್ಲ.

ಸುರಪುರದ ಸೊಸಿ (ಯಾದಗಿರಿ)

ಸರ್ ಹೇಳಿದ್ದಕ್ಕ ಇದೊಂದು ಸೇರಸ್ತೀನಿ. ನಮ್ಮ ಬೋನಾಳ ಕೆರ್ಯಾಗ ಕಂದು ಬಾತು ಅಂದ ಕೂಡ್ಲೇ ಮೊದಲ ವಿಚಾರ ಮಾಡಬೇಕಾದದ್ದು ಚುಕ್ಕೆ ಕೊಕ್ಕಿನ ಬಾತು, ಯಾಕಂದ್ರ ಅದು ವಲಸೆ ಬಂದದ್ದಲ್ಲ, ಇಲ್ಲೇ ಇರೋದು, ಇಲ್ಲೇ ಮರಿ ಮಾಡೋದು. ಅದರಾಗ ಗಂಡು ಹೆಣ್ಣು ಎರಡೂ ಹೆಚ್ಚುಕಮ್ಮಿ ಒಂದೇ ಥರ. ಕಪ್ಪು ಕೊಕ್ಕಿನ ತುದಿಗೆ ಹಳದಿ, ಬುಡಕ್ಕ ಎರಡು ಕೆಂಪು ಚುಕ್ಕಿ, ಬೆನ್ನಿನ ಹಿಂದಿನ ಭಾಗಕ್ಕ ಬಿಳಿ ಪಟ್ಟಿ. ಕೊಕ್ಕಿನ ಹಳದಿ ತುದಿ ದೂರದಿಂದ ಮೊದಲ ಕಾಣತದ. ಅದನ್ನ ಒಮ್ಮೆ ಕಣ್ಣಾಗ ಕೂಡ್ಸಿಕೊಂಡ್ರ ಉಳಿದ ಕಂದು ಬಾತುಗಳನ್ನ ಅದರ ಜೋಡಿ ಅಳೀಬಹುದು, ಅದಕ್ಕಿಂತ ದೊಡ್ಡದೋ ಸಣ್ಣದೋ, ಕುತ್ತಿಗಿ ಉದ್ದೋ ಗಿಡ್ಡೋ ಅಂತ.

ಪಿನ್‌ಟೇಲ್ ಹೆಣ್ಣು ಅಂದ್ರ ಉದ್ದ ಸಪೂರ ಕುತ್ತಿಗಿ, ಬೂದು ಕೊಕ್ಕು, ಮುಖದ ಮ್ಯಾಲ ಯಾವ ಗೆರಿನೂ ಇಲ್ಲ. ವಿಜಿಯನ್ ಹೆಣ್ಣು ಅಂದ್ರ ಗುಂಡು ತಲಿ, ಸಣ್ಣ ನೀಲಿಬೂದು ಕೊಕ್ಕಿಗೆ ಕಪ್ಪು ತುದಿ, ಮೈ ಇಟ್ಟಂಗಿ ಕೆಂಪಿಗೆ ಹತ್ತಿರ, ಅದು ದಂಡಿ ಮ್ಯಾಲ ಹತ್ತಿ ಹುಲ್ಲು ಮೇಯತದ. ಮುಖ ಕಾಣದಿದ್ರೂ ನಡವಳಿಕೆಯಿಂದ ಅರ್ಧ ತಿಳೀತದ.

ನಾಕನೇ ಫೋಟೋದ ಬಗ್ಗೆ ನಾಳೆ ಬರೀತೀನಿ, ಅದು ನನಗ ಭಾಳ ಪ್ರೀತಿಯ ಹಕ್ಕಿ.

ತೊಗರಿನಾಡು (ಕಲಬುರಗಿ)

ಸರ್, ನೀವು ಹೇಳಿದಂಗ ಒಂದನೇ ಫೋಟೋ ಜೂಮ್ ಮಾಡಿ ನೋಡಿದೆ. ಎಡಗಡಿ ತುದಿಗೆ ಮಲಗಿದ ಎರಡಕ್ಕ ಬಾಲದ ಮಗ್ಗಲಿಗೆ ಆ ತಿಳಿ ಗೆರಿ ಸಾಫ್ ಅದ, ಬ್ಯಾರೆದವಕ್ಕ ಇಲ್ಲ. ಅಂದ್ರ ಒಂದೇ ಸಾಲಿನಾಗ ಎರಡೂ ಜಾತಿ ಕುಂತಾವ. ಹಾರೋ ಫೋಟೋ ನನ್ನ ಗೆಳೆಯನ ಕ್ಯಾಮೆರಾದಾಗ ಇರಬೇಕು, ಕೇಳಿ ಹಾಕ್ತೀನಿ.

ಭೀಮಾತೀರ (ಅಫಜಲಪುರ)

ನಾ ಒಕ್ಕಲುತನ ಮಾಡಾಂವ, ಬಾತಿನ ವಿಷಯ ನೀವು ನೋಡ್ರಿ, ಐದನೇ ಫೋಟೋದ ಬಗ್ಗೆ ನಾ ಹೇಳ್ತೀನಿ. ಬಿಳಿಜೋಳ ತೆನಿ ಹಾಲು ತುಂಬೋ ಹೊತ್ತಿಗೆ ಇವು ಬರ್ತಾವ, ಜೋಳ ಕೊಯ್ದು ರಾಶಿ ಆಗೋತನಕ ಇಲ್ಲೇ. ನಮ್ಮ ಅಪ್ಪನ ಕಾಲದಾಗ ಹೊಲದ ನಡುಕ ಅಟ್ಟಣಿಗಿ ಕಟ್ಟಿ ಕವಣಿ ಹಿಡ್ಕೊಂಡು ದಿನಪೂರ್ತಿ ಹಕ್ಕಿ ಕಾಯ್ತಿದ್ರು, ಈಗ ಹಕ್ಕಿ ಕಾಯೋ ಮಂದಿ ಸಿಗೂದಿಲ್ಲ, ಜೋಳ ಹಾಕೋರೂ ಕಡಿಮಿ ಆಗ್ಯಾರ, ಎಲ್ಲಾ ತೊಗರಿ, ಕಬ್ಬು, ಹತ್ತಿ. ಜೋಳದ ಹೊಲ ಕಡಿಮಿ ಆದಷ್ಟೂ ಇದ್ದ ಹೊಲಕ್ಕ ಹಕ್ಕಿ ಹೆಚ್ಚು ಬೀಳತಾವ.

ನಾ ನೋಡಿದ್ದು ಅಂದ್ರ ಆ ಗುಂಪಿನಾಗ ಒಂದೇ ಜಾತಿ ಇರೂದಿಲ್ಲ. ಗುಲಾಬಿ ಮೈನಾ ಬ್ಯಾರೆ ಬಂದು ಬೀಳತಾವ, ಅವು ಕಾಳೂ ತಿಂತಾವ, ಮಿಡತಿ ಹುಳಾನೂ ತಿಂತಾವ, ಅದಕ ಅವನ್ನ ನಾ ಹಾಳು ಹಕ್ಕಿ ಅನ್ನೂದಿಲ್ಲ. ಗೀಜಗನೂ ಇರ್ತಾವ. ಈ ಹಳದಿ ಹಕ್ಕಿ ತೆನಿ ಮ್ಯಾಲ ಕುಂತು ಸಾವಕಾಶ ಕಾಳು ಬಿಡಿಸಿ ತಿಂತದ, ಹೆದರಿದ್ರ ಎಲ್ಲಾ ಕೂಡಿ ಹಾರಿ ಜಾಲಿ ಗಿಡಕ್ಕ ಹೋಗಿ ಕುಂಡ್ರತಾವ, ಮಾರ್ಚ್ ಬಂತಂದ್ರ ಗಂಡಿನ ತಲಿ ಕಪ್ಪಗ ಆಗಿರ್ತದ. ಅದು ಯಾವ ಹಕ್ಕಿ ಅಂತ ನೀವೇ ಹೇಳ್ರಿ.

ಮತ್ತ ಒಂದು ವಿನಂತಿ. ಹೊಲದಾಗ ಇಳಿಯೋ ಮುಂಚೆ ಮಾಲಕರನ್ನ ಕೇಳ್ರಿ. ಕಡ್ಲಿ ಹೊಲದಾಗ, ಕುಸುಬಿ ಹೊಲದಾಗ ಕ್ಯಾಮೆರಾ ಹಿಡ್ಕೊಂಡು ಮಂದಿ ನಡೆದಾಡಿದ್ರ ಬೆಳಿ ಮುರೀತದ. ಬದುವಿನ ಮ್ಯಾಲ ನಿಂತ್ರೂ ಹಕ್ಕಿ ಕಾಣತಾವ.

ಸುರಪುರದ ಸೊಸಿ (ಯಾದಗಿರಿ)

ಅಣ್ಣಾರು ಹೇಳಿದ ಕಪ್ಪು ತಲಿ ಹಕ್ಕಿ ಬ್ಲ್ಯಾಕ್ ಹೆಡೆಡ್ ಬಂಟಿಂಗ್. ಅದಕ್ಕ ಆಮ್ಯಾಲ ಬರೋಣ, ಮೊದಲ ನಾಕನೇ ಫೋಟೋ.

ಜಾಲಿ ಗಿಡದಾಗಿಂದು ಹಳದಿ ಕತ್ತಿನ ಗುಬ್ಬಿ, ಇಂಗ್ಲಿಷಿನಾಗ ಯೆಲ್ಲೋ ಥ್ರೋಟೆಡ್ ಸ್ಪ್ಯಾರೋ. ನಮ್ಮ ಮೂರೂ ಜಿಲ್ಲ್ಯಾಗ ಹೊಲದ ಬದು, ಹುಣಸಿ ತೋಪು, ಬೇವಿನ ಗಿಡ, ಎಲ್ಲಾ ಕಡಿ ಅದ, ಆದ್ರ ಮಂದಿ ಊರಗುಬ್ಬಿ ಅಂತ ತಿಳಿದು ಮುಂದ ಹೋಗ್ತಾರ. ಹೆಸರು ಕೇಳಿ ಹಳದಿ ಕತ್ತು ಹುಡುಕಾಕ ಹೋದ್ರ ಸಿಗೂದಿಲ್ಲ, ಅದು ಗಂಡಿಗೆ ಇರೋ ಸಣ್ಣ ಮಚ್ಚಿ, ಎದುರಿನಿಂದ ಬಿಸಿಲು ಬಿದ್ದಾಗ ಅಷ್ಟೇ ಕಾಣತದ, ಹೆಣ್ಣಿಗೆ ತೀರಾ ಮಸಕು. ನೋಡಬೇಕಾದದ್ದು ಬೆನ್ನು. ಊರಗುಬ್ಬಿ ಹೆಣ್ಣಿನ ಬೆನ್ನಿನ ಮ್ಯಾಲ ಕಪ್ಪು ಕಂದು ಗೀಟು ಇರ್ತಾವ, ಕಣ್ಣಿನ ಹಿಂದ ತಿಳಿ ಹುಬ್ಬು ಇರ್ತದ. ಈ ಹಕ್ಕಿ ಬೆನ್ನು ಸಪಾಟು ಬೂದುಗಂದು, ಒಂದೂ ಗೀಟಿಲ್ಲ. ರೆಕ್ಕಿ ಮ್ಯಾಲ ಎರಡು ಬಿಳಿ ಅಡ್ಡಪಟ್ಟಿ, ಹೆಗಲಿಗೆ ಇಟ್ಟಂಗಿ ಬಣ್ಣದ ಮಚ್ಚಿ. ಕೊಕ್ಕು ಸಪೂರ, ಚೂಪು. ನಿಮ್ಮ ಫೋಟೋದಾಗ ಬಲಗಡಿ ಮ್ಯಾಲಿನ ಹಕ್ಕಿಗೆ ಈ ಎಲ್ಲಾ ಗುರ್ತು ಅವ.

ಈ ಗುಬ್ಬಿ ಮನಿ ಮಾಡಿನಾಗ ಗೂಡು ಕಟ್ಟೂದು ಕಡಿಮಿ, ಗಿಡದ ಪೊಟರಿನೇ ಅದಕ್ಕ ಬೇಕು. ಹಳೇ ಗಿಡ ಕಡಿದ್ರ ಇದರ ಮನಿ ಹೋಗ್ತದ. ಸಲೀಂ ಅಲಿಯವರು ಹುಡುಗ ಇದ್ದಾಗ ಏರ್‌ಗನ್‌ನಿಂದ ಹೊಡೆದ ಗುಬ್ಬಿ ಇದೇ ಜಾತೀದು, ಕತ್ತಿಗೆ ಹಳದಿ ಯಾಕ ಅದ ಅಂತ ಕೇಳಾಕ ಮುಂಬೈ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ್ರು, ಅಲ್ಲಿ ಮಿಲ್ಲಾರ್ಡ್ ಅನ್ನೋರು ಕಪಾಟು ತೆಗೆದು ಹಕ್ಕಿಗಳ ಸಂಗ್ರಹ ತೋರ್ಸಿದ್ರು. ಅಲ್ಲಿಂದ ಅವರ ಬದುಕಿನ ದಾರಿನೇ ಬದಲಾತು. ಅವರೇ ಮುಂದ 1930ರ ದಶಕದ ಸುರುವಿಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸರ್ವೇ ಮಾಡಿದ್ರು, ಆವಾಗ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಎಲ್ಲಾ ಆ ಸಂಸ್ಥಾನದಾಗೇ ಇದ್ವು. ಅಂಥ ಹಕ್ಕಿ ನಮ್ಮ ಹೊಲದ ಬದುವಿನಾಗ ಕುಂತದ, ನೋಡದೇ ಹೋಗಬ್ಯಾಡ್ರಿ.

ಬೆಂಗಳೂರಿಂದ ಸೇಡಂ

ಅಕ್ಕಾ ತುಂಬಾ ಚೆನ್ನಾಗಿ ಹೇಳಿದ್ರಿ. ನಂದೂ ಒಂದು ಪ್ರಶ್ನೆ. ದೀಪಾವಳಿಗೆ ಊರಿಗೆ ಬಂದಾಗ ನಮ್ಮ ಮನೆ ಅಂಗಳದಲ್ಲಿ ಒಂದು ಗಂಡು ಗುಬ್ಬಿ ನೋಡ್ದೆ, ಗಂಟಲಿನ ಕಪ್ಪು ಪೂರ್ತಿ ಇರ್ಲಿಲ್ಲ, ಬೂದು ಬೂದಾಗಿತ್ತು, ಕೊಕ್ಕು ಕೂಡ ಕಪ್ಪಲ್ಲ ತಿಳಿ ಕಂದು. ನನ್ನ ಫ್ರೆಂಡ್ ಒಬ್ಬ ಇದು ಸ್ಪ್ಯಾನಿಶ್ ಸ್ಪ್ಯಾರೋ ಇರಬಹುದು ಅಂತಿದ್ದಾನೆ. ಮತ್ತೆ ಇನ್ನೊಂದು, ಗುಬ್ಬಿಗಳು ಎಲ್ಲಾ ಕಡೆ ನಾಶ ಆಗ್ತಾ ಇವೆ ಅಂತ ಪ್ರತಿ ಮಾರ್ಚ್ 20ಕ್ಕೆ, ವಿಶ್ವ ಗುಬ್ಬಿ ದಿನಕ್ಕೆ, ಓದ್ತೀವಲ್ಲ, ಆದ್ರೆ ಸೇಡಂನಲ್ಲಿ ಬೇಕಾದಷ್ಟು ಇವೆ, ಇದು ಹೇಗೆ?

ಕಾರಂಜಾ ದಂಡಿ (ಬೀದರ್)

ಅದು ನಮ್ಮ ಊರಗುಬ್ಬೀನೇ. ಗುಬ್ಬಿ ಮಳಿಗಾಲದ ಕಡೀಕ ಹೊಸ ಗರಿ ತೊಡತದ, ಆ ಹೊಸ ಗರಿಗಳ ತುದಿ ತಿಳಿ ಬೂದು ಇರ್ತದ, ಕೆಳಗಿನ ಕಪ್ಪು ಮುಚ್ಚಿರ್ತದ. ಚಳಿಗಾಲ ಪೂರ್ತಿ ಆ ತುದಿ ಸವೆದು ಸವೆದು ಬ್ಯಾಸಿಗಿ ಹೊತ್ತಿಗೆ ಕಪ್ಪು ಗಂಟಲು ಪೂರ್ತಿ ಹೊರಗ ಬರ್ತದ. ಅದಕ್ಕ ಮತ್ತೊಮ್ಮೆ ಗರಿ ಉದುರಿಸೋದು ಬೇಕಿಲ್ಲ. ಕೊಕ್ಕೂ ಹಂಗೇ, ಮರಿ ಮಾಡೋ ಕಾಲಕ್ಕ ಕಪ್ಪು, ಚಳಿಗಾಲದಾಗ ತಿಳಿ ಕಂದು. ಭೀಮಾತೀರದವರು ಹೇಳಿದ ಕಪ್ಪು ತಲಿ ಬಂಟಿಂಗ್‌ನ ತಲೀನೂ ಇದೇ ರೀತಿ, ಹೊಸ ಗರಿ ತುದಿ ಕಪ್ಪನ್ನ ಮುಚ್ಚಿರ್ತದ.

ಸ್ಪ್ಯಾನಿಶ್ ಸ್ಪ್ಯಾರೋ ಚಳಿಗಾಲಕ್ಕ ಬರೋದು ವಾಯವ್ಯ ಭಾರತಕ್ಕ, ರಾಜಸ್ಥಾನ ಪಂಜಾಬ್ ಆ ಕಡಿ. ಅದು ಅಂತ ಹೇಳಬೇಕಂದ್ರ ಗಂಡಿಗೆ ನೆತ್ತಿ ಪೂರ್ತಿ ಇಟ್ಟಂಗಿ ಬಣ್ಣ, ಬಿಳಿ ಗಲ್ಲ, ಎದಿಯಿಂದ ಪಕ್ಕಿತನಕ ದಪ್ಪ ಕಪ್ಪು ಗೀಟು, ಇವೆಲ್ಲಾ ಕಾಣಬೇಕು. ಊರಗುಬ್ಬಿ ನೆತ್ತಿ ನಡುಕ ಬೂದು. ನಿಮ್ಮ ಹಕ್ಕೀಗೆ ನೆತ್ತಿ ಯಾವ ಬಣ್ಣ ಇತ್ತು ನೆನಪು ಮಾಡ್ಕೋರಿ.

ಗುಬ್ಬಿ ಸಂಖ್ಯೆ ಬಗ್ಗೆ ಹೇಳಬೇಕಂದ್ರ 2020ರಾಗ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಪ್ರಕಾರ ದೇಶದ ಲೆಕ್ಕದಾಗ ಗುಬ್ಬಿ ಸ್ಥಿರ ಅದ, ಕಡಿಮಿ ಆಗಿದ್ದು ದೊಡ್ಡ ದೊಡ್ಡ ಶಹರದಾಗ. ಆ ವರದಿ ಆಗಿದ್ದು ಸಾವಿರಾರು ಮಂದಿ ಇಬರ್ಡ್‌ನಾಗ (ಕಂಡ ಹಕ್ಕಿಗಳನ್ನ ಬರೆದಿಡೋ ಆನ್‌ಲೈನ್ ತಾಣ) ಹಾಕಿದ ಪಟ್ಟಿಗಳಿಂದ. ನಮ್ಮ ಭಾಗದಿಂದ ಪಟ್ಟಿ ಹೋಗೋದು ಭಾಳ ಕಡಿಮಿ ಅನ್ನೋ ಸಂಕಟ ನನಗ ಅದ. ಸೇಡಂ ಅಂಗಳದ ಗುಬ್ಬೀನೂ ಬರೀರಿ, ಅಪರೂಪದ ಹಕ್ಕಿ ಕಂಡಾಗ ಅಷ್ಟೇ ಬರೆದ್ರ ಸಾಲೂದಿಲ್ಲ.

ಚಿಂಚೋಳಿ ಕ್ಯಾಮೆರಾ

ಐದನೇ ಫೋಟೋ ರೆಡ್ ಹೆಡೆಡ್ ಬಂಟಿಂಗ್ ಹೆಣ್ಣು ಅಂತೀನಿ. ಕೊಕ್ಕು ಗಿಡ್ಡ ಕಾಣಸ್ತದ. ಚಂದ್ರಂಪಳ್ಳಿ ದಾರಿ ಹೊಲದಾಗ ನಾ ತೆಗೆದ ಫೋಟೋ ಜೋಡಿ ಹೋಲಿಸಿದೆ.

ಸುರಪುರದ ಸೊಸಿ (ಯಾದಗಿರಿ)

ಇದು ಅಷ್ಟು ಸರಳ ಇಲ್ಲಣ್ಣಾ. ಈ ಎರಡರ ಹೆಣ್ಣು ಹಕ್ಕಿ ಬಲ್ಲವರಿಗೂ ಕಾಡತಾವ. ಕಪ್ಪು ತಲಿದಕ್ಕ ಕೊಕ್ಕು ಜರಾ ಉದ್ದ, ಬೆನ್ನು ಸೊಂಟದ ಮ್ಯಾಲ ಇಟ್ಟಂಗಿ ಛಾಯಾ ಇರಬಹುದು. ಕೆಂಪು ತಲಿದಕ್ಕ ಕೊಕ್ಕು ಗಿಡ್ಡ, ತ್ರಿಕೋನ, ಸೊಂಟ ಹಸಿರುಬೂದು. ಆದ್ರ ಈ ಗುರ್ತುಗಳು ಒಂದರ ಮ್ಯಾಲ ಒಂದು ಬೀಳತಾವ, ಈ ವರ್ಷದ ಮರಿ ಆದ್ರ ಇನ್ನೂ ಕಠಿಣ, ಮತ್ತ ಇರಾನ್ ಕಡಿ ಎರಡೂ ಜಾತಿ ಕೂಡೋ ಜಾಗದಾಗ ಮಿಶ್ರ ಹಕ್ಕಿನೂ ಹುಟ್ಟತಾವ. ಫೋಟೋದಾಗ ಹಕ್ಕಿ ಎದುರಿಗೆ ಮುಖ ಮಾಡ್ಯದ, ಎದುರಿನಿಂದ ಯಾವ ಕೊಕ್ಕಾದ್ರೂ ಗಿಡ್ಡೇ ಕಾಣತದ, ಸೊಂಟ ಅಂತೂ ಕಾಣೂದೇ ಇಲ್ಲ.

ನನ್ನ ಸಲಹಾ ಏನಂದ್ರ ಇಬರ್ಡ್‌ನಾಗ ಎರಡೂ ಹೆಸರಿನ ನಡುಕ ಓರೆಗೆರಿ ಹಾಕಿದ ಆಯ್ಕೆ ಅದ, ಅದನ್ನ ತಗೋರಿ. ಗುಂಪಿನಾಗ ಪಕ್ಕಾ ಗಂಡು ಕಂಡ್ರ ಅದನ್ನಷ್ಟು ಹೆಸರು ಹಾಕಿ ಬರೀರಿ, ಉಳಿದವು ಓರೆಗೆರಿಯಾಗ ಇರ್ಲಿ. ಹೆಸರು ಸಿಗಲಿಲ್ಲ ಅಂತ ಹಕ್ಕಿ ಸಣ್ಣದಾಗೂದಿಲ್ಲ, ಸುಳ್ಳು ಹೆಸರು ಹೋದ್ರ ಮಾತ್ರ ಮುಂದಿನವರ ಲೆಕ್ಕ ಕೆಡ್ತದ.

ಚಿಂಚೋಳಿ ಕ್ಯಾಮೆರಾ

ಒಪ್ಪಿದೆ ಅಕ್ಕಾ, ಸೊಂಟ ಕಾಣೋ ಫೋಟೋ ಸಿಗೋತನಕ ಓರೆಗೆರಿ ಸರಿ. ಬಾತುಗಳ ಬಗ್ಗೆ ನಂದೊಂದು ವಿಚಾರ, ಬರೋ ಐತವಾರ ಮೀನುಗಾರರ ತೆಪ್ಪ ಮಾತಾಡಿ ನಡು ನೀರಿಗೆ ಹೋದ್ರ ಚಲೋ ಫೋಟೋ ಸಿಗ್ತಾವ, ಹಾರಿದಾಗ ರೆಕ್ಕಿ ಪಟ್ಟಿನೂ ಬರ್ತದ.

ಕಾರಂಜಾ ದಂಡಿ (ಬೀದರ್)

ಇದಕ್ಕ ನಾ ಒಪ್ಪೂದಿಲ್ಲ ತಮ್ಮಾ. ಆ ಹಕ್ಕಿ ಮಧ್ಯ ಏಷ್ಯಾ, ಸೈಬೀರಿಯಾ ಕಡಿಯಿಂದ ಹಿಮಾಲಯ ದಾಟಿ ಬಂದಾವ. ಪಟ್ಟೆ ತಲೆ ಹೆಬ್ಬಾತಿಗೆ ಸ್ಯಾಟಲೈಟ್ ಯಂತ್ರ ಕಟ್ಟಿ ನೋಡಿದಾಗ 7000 ಮೀಟರ್ ದಾಟಿ ಹಾರಿದ್ದು ದಾಖಲಾಗ್ಯದ. ಅಷ್ಟು ದೂರ ಬಂದು ಇಲ್ಲಿ ಅವು ಮಾಡೋ ಕೆಲಸ ಎರಡೇ, ತಿನ್ನೋದು ಮತ್ತ ವಿಶ್ರಾಂತಿ. ಮಾರ್ಚಿಗೆ ವಾಪಸ್ ಹೋಗಾಕ ಮೈಯಾಗ ಕೊಬ್ಬು ಕೂಡಬೇಕು. ಗಾರ್ಗೇನಿಯಂಥವು ರಾತ್ರಿ ಮೇಯತಾವ, ಹಗಲು ನಡು ನೀರಿನಾಗ ನಿದ್ದಿ. ನಾವು ತೆಪ್ಪ ತಗೊಂಡು ನುಗ್ಗಿದ್ರ ಆ ನಿದ್ದಿ ಹೋಗ್ತದ, ದಿನಕ್ಕ ನಾಕು ಸಲ ಎಬ್ಬಿಸಿದ್ರ ತಿಂದದ್ದೆಲ್ಲಾ ಹಾರೋದ್ರಾಗೇ ಹೋಗ್ತದ. ಡ್ರೋನ್ ಅಂತೂ ಬ್ಯಾಡೇ ಬ್ಯಾಡ.

ರೆಕ್ಕಿ ಪಟ್ಟಿ ನೋಡಬೇಕಂದ್ರ ಒಂದೇ ಜಾಗದಾಗ ಸುಮ್ಮ ಕುಂಡ್ರಬೇಕು. ಬಾತುಗಳು ತಾವೇ ಮೈ ಚಾಚತಾವ, ರೆಕ್ಕಿ ಬಡಿತಾವ, ಗರಿ ತಿದ್ದಕೋತಾವ. ಹದ್ದು ಮ್ಯಾಲ ಬಂತಂದ್ರ ಇಡೀ ಗುಂಪು ಏಳತದ. ಅದಕ್ಕ ತಯಾರಿ ಇರ್ರಿ.

ಚಿಂಚೋಳಿ ಕ್ಯಾಮೆರಾ

ಸರಿ ಸರ್, ತೆಪ್ಪ ಬ್ಯಾಡ. ದಂಡಿ ಮ್ಯಾಲೇ ಕುಂಡ್ರೋಣ.

ಆಳಂದ ಹುಡುಗ

ಮೂರನೇ ಫೋಟೋ ಯಾರೂ ಮಾತಾಡಿಲ್ಲ. ಬಾಲದ ಕೆಳಗ ಬಿಳಿ ಅಂದ್ರ ಫೆರುಜಿನಸ್ ಡಕ್ ಅಲ್ವೇನ್ರಿ? ಅದು ಅಪಾಯದ ಅಂಚಿನ ಪಟ್ಟಿಗೆ ಹತ್ತಿರ ಇರೋದು, ಸಿಕ್ಕಿದ್ರ ದೊಡ್ಡ ಸುದ್ದಿ.

ಕಾರಂಜಾ ದಂಡಿ (ಬೀದರ್)

ಅದಕ್ಕೇ ನಾ ತಡೆದಿದ್ದೆ, ಇದು ಸಾವಕಾಶ ನೋಡಬೇಕಾದ ಹಕ್ಕಿ. ಮುಳುಗೋ ಬಾತು ಅನ್ನೋದು ಖರೆ, ಮೈ ನೀರಿನಾಗ ತಗ್ಗಿ ಕುಂತದ. ಮೇಲ್ಮೈ ಬಾತುಗಳು ಬಾಲ ಮ್ಯಾಲ ಮಾಡಿ ತಲಿ ಅಷ್ಟೇ ಮುಳುಗಸ್ತಾವ, ಹಾರುವಾಗ ನಿಂತಲ್ಲಿಂದ ನೆಟ್ಟಗ ಏಳತಾವ. ಮುಳುಗೋ ಬಾತು ಪೂರ್ತಿ ಒಳಗ ಹೋಗ್ತದ, ಏಳುವಾಗ ನೀರಿನ ಮ್ಯಾಲ ಓಡಬೇಕು.

ಬಾಲದ ಕೆಳಗಿನ ಬಿಳಿ ಒಂದನ್ನೇ ನಂಬಿದ್ರ ಮೋಸ. ಟಫ್ಟೆಡ್ ಡಕ್ ಹೆಣ್ಣಿನಾಗೂ ಕೆಲವಕ್ಕ ಅಲ್ಲಿ ಬಿಳಿ ಇರ್ತದ. ಕೊಕ್ಕಿನ ಬುಡಕ್ಕ ಬಿಳಿ ಇರೋವೂ ಇರ್ತಾವ, ಅವನ್ನ ನೋಡಿ ಮಂದಿ ಸ್ಕಾಪ್ ಅನ್ನೋ ಬ್ಯಾರೆ ಬಾತು ಅಂತಾರ. ಕಣ್ಣು ನೋಡ್ರಿ. ಟಫ್ಟೆಡ್ ಹೆಣ್ಣಿನ ಕಣ್ಣು ಹಳದಿ. ಫೆರುಜಿನಸ್ ಹೆಣ್ಣಿನ ಕಣ್ಣು ಗಾಢ ಕಂದು, ಗಂಡಿಂದು ಬಿಳಿ. ಆಮ್ಯಾಲ ತಲಿ ಆಕಾರ, ಫೆರುಜಿನಸ್ ನೆತ್ತಿ ನಡುಕ ಎತ್ತರ, ಟಫ್ಟೆಡ್ ತಲಿ ಚೌಕ, ಹಿಂದ ಸಣ್ಣ ಜುಟ್ಟಿನ ಗುರ್ತು. ಟಫ್ಟೆಡ್ ಕೊಕ್ಕಿನ ಕಪ್ಪು ತುದಿ ಅಗಲ. ಮೂಲ ಫೋಟೋ ಇದ್ರ ಕಣ್ಣಿನ ಭಾಗ ಕತ್ತರಿಸಿ ಹಾಕ್ರಿ.

ತೊಗರಿನಾಡು (ಕಲಬುರಗಿ)

ಮೂಲ ಫೋಟೋ ಹಾಕೀನಿ, ಇದರ ಜೋಡಿ ಗೆಳೆಯನ ಕ್ಯಾಮೆರಾದಾಗಿನ ಇನ್ನೆರಡೂ ಅವ. ಕಣ್ಣು ಹಳದಿ, ಸಂಶಯ ಇಲ್ಲ. ಹಿಂದಿನಿಂದ ತೆಗೆದದ್ರಾಗ ತಲಿ ಹಿಂದ ಗರಿ ಜರಾ ಇಳಿಬಿದ್ದಾವ. ಹಾರೋ ಫೋಟೋದಾಗ ಸಣ್ಣ ಬಾತುಗಳ ಗುಂಪು ತಿರುಗೋ ಹೊತ್ತು, ಹಿಂದಿನ ಬಿಳಿ ಅಂಚು ಸಾಫ್ ಕಾಣೋವು ಹೆಚ್ಚು, ಮುಂದಿನ ಬಿಳಿ ಅಗಲ ಇರೋವು ಎರಡು.

ಕಾರಂಜಾ ದಂಡಿ (ಬೀದರ್)

ಅಂದ್ರ ಮೂರನೇದು ಟಫ್ಟೆಡ್ ಡಕ್ ಹೆಣ್ಣು. ಸಣ್ಣವು ಗಾರ್ಗೇನಿ, ಅದರಾಗ ಎರಡು ಟೀಲ್, ಮಲಗಿದ ಎರಡರ ಬಾಲದ ಗೆರಿಗೂ ಇದು ತಾಳೆ ಆಗ್ತದ. ಪೋಚಾರ್ಡ್ ಅನ್ನೋ ಮುಳುಗೋ ಬಾತು ಕಂಡಿದ್ರ ಅದನ್ನೂ ಬರೀರಿ, ಸಾದಾ ಪೋಚಾರ್ಡ್ ಅಂತ ಬಿಡಬ್ಯಾಡ್ರಿ, ಅದೂ 2015ರಿಂದ ಅಪಾಯಕ್ಕ ಈಡಾಗೋ ಜಾತಿಗಳ ಪಟ್ಟಿಯಾಗ ಅದ.

ಬೆಂಗಳೂರಿಂದ ಸೇಡಂ

ಐತವಾರ ನಾನೂ ಬರ್ತೀನಿ, ಸಂಕ್ರಾಂತಿ ತನಕ ಊರಲ್ಲೇ ಇರ್ತೀನಿ. ಎಲ್ಲಿಗೆ ಅಂತ ಫಿಕ್ಸ್ ಮಾಡಿ. ಬೈನಾಕ್ಯುಲರ್ ತಗೋಬೇಕು ಅಂತ ಇದ್ದೀನಿ, 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸೋದು) ತಗೊಳ್ಳೋದಾ 10x42 (ಹತ್ತು ಪಟ್ಟು) ತಗೊಳ್ಳೋದಾ? ನನ್ನ ಅಪ್ಪನೂ ಬರ್ತೀನಿ ಅಂತಿದಾರೆ, ಅವರಿಗೆ ಜಾಸ್ತಿ ನಡೆಯೋಕಾಗಲ್ಲ.

ಸುರಪುರದ ಸೊಸಿ (ಯಾದಗಿರಿ)

ಕಾಕಾರನ್ನ ಕರ್ಕೊಂಡು ಬರ್ರಿ, ದಂಡಿ ತನಕ ಗಾಡಿ ಹೋಗೋ ಜಾಗ ನೋಡೋಣ. ಗುಬ್ಬಿ, ಬಂಟಿಂಗ್, ಹೊಲದ ಹಕ್ಕಿ ನೋಡಾಕ 8x42 ಸಾಕು, ಚಿತ್ರ ಅಲುಗಾಡೂದು ಕಡಿಮಿ, ನೋಟ ಅಗಲ. ಆಚಿ ದಂಡಿ ಬಾತಿಗೆ 10 ಅನುಕೂಲ, ಆದ್ರ ಕೈ ನಡುಗಿದ್ರ ಅದರ ಉಪಯೋಗ ಹೋಗ್ತದ. ಒಂದೇ ತಗೋಳೋದಾದ್ರ 8. ಬಾತಿಗೆ ಖರೆ ಬೇಕಾದದ್ದು ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡ್ ಮ್ಯಾಲ ಇಟ್ಟು ನೋಡೋ ದುರ್ಬೀನು), ಸರ್ ತರ್ತಾರ ಅಂದ್ಕೊಂಡೀನಿ.

ಜಾಗದ ಬಗ್ಗೆ ನನ್ನ ವಿಚಾರ. ಮಳಿ ಚಲೋ ಆದ ವರ್ಷ ದೊಡ್ಡ ಡ್ಯಾಂ ತುಂಬಿ ನಿಂತಿರ್ತಾವ, ನೀರು ಆಳ ಇದ್ದಲ್ಲಿ ತಲಿ ಮುಳುಗಿಸಿ ತಿನ್ನೋ ಬಾತಿಗೆ ಊಟ ಸಿಗೂದಿಲ್ಲ, ಅವು ಸಣ್ಣ ಸಣ್ಣ ಕೆರಿಗೆ ಚದುರತಾವ. ಜನವರಿ ನಡುಕಿನಿಂದ ಸಣ್ಣ ಕೆರಿ ಬತ್ತಾಕತ್ತಿದ ಮ್ಯಾಲ ಎಲ್ಲಾ ದೊಡ್ಡ ನೀರಿನ ಅಂಚಿಗೆ ಬರ್ತಾವ, ಕೆಸರು ತೇಲಿದಲ್ಲಿ ಉಲ್ಲಂಕಿನೂ ಕೂಡ್ತಾವ. ಅದಕ ಈಗ ಬೋನಾಳ ಚಲೋ, ಫೆಬ್ರವರಿಗೆ ಬೀದರಿನ ಕಾರಂಜಾ ಡ್ಯಾಂ. ಬೋನಾಳದಾಗ ಜೊಂಡು ಅದ, ಕೆನ್ನೀಲಿ ಬಕ ಅಂತೂ ಸಿಕ್ಕೇ ಸಿಗ್ತದ.

ಭೀಮಾತೀರ (ಅಫಜಲಪುರ)

ನಾನೂ ಬರ್ತೀನಿ. ಸೀತನಿ ತರ್ತೀನಿ, ಎಳ್ಳಮಾಸಿ ಸಜ್ಜಿ ರೊಟ್ಟಿನೂ ಉಳಿದಿರ್ತಾವ, ಯಾರೂ ಬುತ್ತಿ ಕಟ್ಟಬ್ಯಾಡ್ರಿ.

ತೊಗರಿನಾಡು (ಕಲಬುರಗಿ)

ಬೋನಾಳಾನೇ ಆಗ್ಲಿ. ಕಲಬುರಗಿಯಿಂದ ಮುಂಜಾನಿ ನಾಕಕ್ಕ ಗಾಡಿ ಬಿಡ್ತೀವಿ, ಸೇಡಂ ಅಣ್ಣಾರು ಕಾಕಾರ ಜೋಡಿ ಶಹಾಪುರಕ್ಕ ಬರ್ರಿ, ಅಲ್ಲಿಂದ ಕೂಡಿ ಹೋಗೋಣ. ಜನವರಿಯಾಗ ಏಷ್ಯಾ ಪೂರ್ತಿ ನೀರುಹಕ್ಕಿ ಎಣಿಕಿ ನಡೀತದಲ್ಲ, ನಾವೂ ಆ ದಿನ ಬೋನಾಳದ ಲೆಕ್ಕ ಅದಕ್ಕ ಕೊಡೋಣ ಅನ್ನಸ್ತದ, ಸರ್ ಏನಂತೀರಿ?

ಕಾರಂಜಾ ದಂಡಿ (ಬೀದರ್)

ಕೊಡಲೇಬೇಕು. 1987ರಿಂದ ನಡೆದದ ಆ ಎಣಿಕಿ, ಪ್ರತಿ ವರ್ಷ ಅದೇ ಜಾಗ ಅದೇ ಹೊತ್ತು ಎಣಿಸಿದ್ರ ಮಾತ್ರ ಏರಿತೋ ಇಳಿತೋ ತಿಳೀತದ. ನಾ ಸ್ಕೋಪ್ ತರ್ತೀನಿ. ಇಬ್ಬರು ಎಣಿಸ್ರಿ, ಒಬ್ಬರು ಬರೀರಿ, ಎಣಿಸೋರು ಒಬ್ಬರ ಲೆಕ್ಕ ಒಬ್ಬರಿಗೆ ಹೇಳಬ್ಯಾಡ್ರಿ, ಕಡೀಕ ತಾಳೆ ನೋಡೋಣ. ಬಿಸಿಲು ಬೆನ್ನಿಗೆ ಇರಬೇಕು, ಅದಕ ಮುಂಜಾನಿ ಹೊತ್ತು ಮೂಡಣ ದಂಡಿಯಿಂದ ಸುರು ಮಾಡೋದು. ದೂರದ ಕಂದು ಬಾತು ಗುರ್ತು ಸಿಗದಿದ್ರ ಸುಮ್ಮನ ಬಾತು ಅಂತ ಬರೆದು ಸಂಖ್ಯೆ ಹಾಕ್ರಿ. ಆಳಂದ ಹುಡುಗ ಬರ್ತಿಯೋ ಇಲ್ಲೋ, ಬರೆಯೋ ಕೆಲಸ ನಿನ್ನ ಅಕ್ಷರಕ್ಕ ಬಿಟ್ಟೀನಿ.

ಆಳಂದ ಹುಡುಗ

ಬರ್ತೀನಿ ಸರ್. ಕಾಲೇಜಿನ ಇನ್ನಿಬ್ಬರು ಹುಡುಗ್ಯಾರೂ ಬರ್ತೀವಿ ಅಂತಾರ, ಗಾಡ್ಯಾಗ ಜಾಗ ಅದಾ?

ತೊಗರಿನಾಡು (ಕಲಬುರಗಿ)

ಅದ. ನಾಕಕ್ಕ ಅಂದ್ರ ನಾಕಕ್ಕ, ಸೂಪರ್ ಮಾರ್ಕೆಟ್ ಹತ್ರ ನಿಂದ್ರ್ರಿ, ಸ್ವೆಟರ್ ಮರೀಬ್ಯಾಡ್ರಿ.